ಅರ್ಜಿಯೊಳಗಿನ ದಾಂಪತ್ಯ: ಬ್ರಿಟನ್ನಿನ ಸಂಗಾತಿ ವೀಸಾ ವಿಸ್ತರಣೆಯ ನಮೂನೆ

ಅರ್ಜಿ, ನಮೂನೆ, ದಾಖಲೆ, ಮುದ್ದತು, ಸಹಿ: ಈ ಐದು ಪದಗಳನ್ನು ಅಕ್ಕಲಕೋಟೆಯ ಕನ್ನಡಿಗರೂ ಬಳಸುತ್ತಾರೆ, ಅವರ ನೆರೆಯ ಮರಾಠಿಗರೂ ತುಸು ಉಚ್ಚಾರಭೇದದಿಂದ ಬಳಸುತ್ತಾರೆ. ಅರಬ್ಬಿ ಮತ್ತು ಫಾರಸಿ ಮೂಲದ ಈ ಪದಗಳು ಬಹಮನಿ, ಆದಿಲಶಾಹಿ ಅರಸರ ಕಾಲದಿಂದ ನಡೆದುಬಂದ ಫಾರಸಿ ಆಡಳಿತದ ಪ್ರಭಾವದಿಂದ ಎರಡೂ ಭಾಷೆಗಳಲ್ಲಿ ನೆಲೆಸಿದವು. ‘ಅರ್ಜಿ’ಯ ಮೂಲಾರ್ಥ ಬಿನ್ನಹ, ಅಂದರೆ ಅಧಿಕಾರಸ್ಥರ ಮುಂದೆ ತನ್ನ ಸ್ಥಿತಿಯನ್ನು ನಿವೇದಿಸಿಕೊಳ್ಳುವುದು. ‘ದಾಖಲೆ’ಯ ಮೂಲದಲ್ಲಿರುವುದು ಒಳಸೇರುವಿಕೆಯ ಅರ್ಥ. ‘ಸಹಿ’ಯ ಮೂಲಾರ್ಥ ‘ಸರಿಯಾದುದು’. ಬಿನ್ನಹವು ಹಿಂದೆ ಸರಿದು ದಾಖಲೆಯು ಮುಂದೆ ಬಂದುದೇ ಆಧುನಿಕ ಅರ್ಜಿ ನಮೂನೆಯ ಚರಿತ್ರೆ ಎನ್ನಬಹುದು. ಬ್ರಿಟನ್ನಿನಲ್ಲಿ ಸಂಗಾತಿಯೊಡನೆ ವಾಸಿಸುವವರು ತಮ್ಮ ವೀಸಾ ಅವಧಿಯನ್ನು ವಿಸ್ತರಿಸಿಕೊಳ್ಳಲು ತುಂಬಬೇಕಾದ ‘ಎಫ್‌ಎಲ್‌ಆರ್-ಎಂ’ ಎಂಬ ನಮೂನೆಯು ಇದಕ್ಕೆ ಸ್ಪಷ್ಟವಾದ ನಿದರ್ಶನವಾಗಿದೆ.

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಕತೆ, ಕಾವ್ಯ, ಶಾಸನಗಳನ್ನು ಓದುವ ಕ್ರಮವನ್ನು ಕಲಿಯುತ್ತಾರೆ. ಅರ್ಜಿ ನಮೂನೆಯೂ ಒಂದು ಪಠ್ಯವೇ. ಅದನ್ನು ತಪ್ಪಾಗಿ ಓದಿದರೆ ಕಳೆದುಕೊಳ್ಳುವುದು ಅಂಕಗಳನ್ನಲ್ಲ, ಒಂದು ಮನೆಯಲ್ಲಿ ಒಟ್ಟಿಗೆ ಬಾಳುವ ಅವಕಾಶವನ್ನು. ಗಡಿನಾಡಿನಿಂದ ಮದುವೆಯಾಗಿ ಆ ದೇಶಕ್ಕೆ ಹೋಗುವವರಿಗೆ ಈ ಓದು ನೇರವಾಗಿ ಉಪಯುಕ್ತ. ಹೋಗದವರಿಗೂ, ಒಂದು ಸರಕಾರವು ದಾಂಪತ್ಯವನ್ನು ಯಾವ ಭಾಷೆಯಲ್ಲಿ ಅರ್ಥಮಾಡಿಕೊಳ್ಳುತ್ತದೆ ಎಂಬುದನ್ನು ಇದು ತಿಳಿಸುತ್ತದೆ.

ಮನಸ್ಸಿನಿಂದ ಲೆಕ್ಕದ ಕಡೆಗೆ

ಬ್ರಿಟನ್ನಿನ ವಲಸೆ ನಿಯಮಗಳು ದಾಂಪತ್ಯವನ್ನು ಕುರಿತು ಕೇಳುವ ಪ್ರಶ್ನೆಗಳು ಕಾಲದಿಂದ ಕಾಲಕ್ಕೆ ಬದಲಾಗಿವೆ. ಒಂದು ಕಾಲದಲ್ಲಿ ಅಲ್ಲಿ ನೆಲೆಸಿದ ಪುರುಷನು ತನ್ನ ಹೆಂಡತಿಯನ್ನು ಕರೆಸಿಕೊಳ್ಳುವುದು ಸುಲಭವಾಗಿತ್ತು. ನೆಲೆಸಿದ ಸ್ತ್ರೀಯು ಗಂಡನನ್ನು ಕರೆಸಿಕೊಳ್ಳುವುದು ಕಠಿಣವಾಗಿತ್ತು. 1985ರಲ್ಲಿ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯವು ಅಬ್ದುಲಜೀಜ್, ಕಬಾಲೆಸ್ ಮತ್ತು ಬಲ್ಕಂದಲಿ ಎಂಬ ಮೂವರು ಸ್ತ್ರೀಯರ ಪ್ರಕರಣದಲ್ಲಿ ಇದು ಲಿಂಗತಾರತಮ್ಯವೆಂದು ತೀರ್ಪಿತ್ತಿತು. ಆಗ ಸರಕಾರವು ಸ್ತ್ರೀಯರ ದಾರಿಯನ್ನು ಸುಗಮಗೊಳಿಸುವ ಬದಲು ಪುರುಷರ ದಾರಿಯನ್ನೂ ಅಷ್ಟೇ ದುರ್ಗಮಗೊಳಿಸಿ ಸಮಾನತೆಯನ್ನು ತಂದಿತು. ಆ ದಿನಗಳಲ್ಲಿ ‘ಪ್ರಧಾನ ಉದ್ದೇಶ’ದ ನಿಯಮವೆಂಬುದೊಂದಿತ್ತು. ಮದುವೆಯ ಮುಖ್ಯ ಉದ್ದೇಶ ಬ್ರಿಟನ್ನಿಗೆ ಬರುವುದಲ್ಲವೆಂದು ಅರ್ಜಿದಾರರೇ ಸಿದ್ಧಪಡಿಸಬೇಕಾಗಿತ್ತು. ಮನಸ್ಸಿನಲ್ಲಿ ಇಲ್ಲದ್ದನ್ನು ಇಲ್ಲವೆಂದು ಸಾಧಿಸುವುದು ಯಾರಿಗೂ ಸುಲಭವಲ್ಲ. ಭಾರತ ಉಪಖಂಡದ ಅನೇಕ ಕುಟುಂಬಗಳನ್ನು ವರ್ಷಗಟ್ಟಲೆ ಅಗಲಿಸಿದ ಈ ನಿಯಮವು 1997ರ ಜೂನ್ ತಿಂಗಳಿನಲ್ಲಿ ರದ್ದಾಯಿತು.

2012ರ ಜುಲೈ 9ರಿಂದ ಜಾರಿಗೆ ಬಂದ ಹೊಸ ವ್ಯವಸ್ಥೆಯಲ್ಲಿ ಕನಿಷ್ಠ ಆದಾಯದ ಷರತ್ತು ಮುಂದೆ ಬಂದಿತು. ದಾಂಪತ್ಯವು ‘ನೈಜವೂ ಜೀವಂತವೂ’ ಆಗಿರಬೇಕೆಂಬ ಮಾತು ಇಂದಿಗೂ ನಿಯಮದಲ್ಲಿದೆ. ಆದರೆ ಅದನ್ನು ಅಳೆಯುವ ಸಾಧನಗಳು ಬಹುಮಟ್ಟಿಗೆ ದಿನಾಂಕ, ವಿಳಾಸ, ಸಂಬಳದ ಚೀಟಿ, ಬ್ಯಾಂಕಿನ ಲೆಕ್ಕಪತ್ರಗಳೇ ಆಗಿವೆ. ನಮೂನೆಯನ್ನು ತುಂಬುವವರು ಮೊದಲು ಅರಿಯಬೇಕಾದ ಸತ್ಯವಿದು: ಇಲ್ಲಿ ಭಾವನೆಯ ಬಣ್ಣನೆಗೆ ಬೆಲೆ ಕಡಿಮೆ, ಒಂದಕ್ಕೊಂದು ಹೊಂದುವ ದಾಖಲೆಗಳಿಗೆ ಬೆಲೆ ಹೆಚ್ಚು.

ಈ ನಮೂನೆ ಯಾರಿಗೆ

ಬ್ರಿಟಿಷ್ ಅಥವಾ ಐರಿಷ್ ಪೌರರ, ಇಲ್ಲವೆ ಬ್ರಿಟನ್ನಿನಲ್ಲಿ ಕಾಯಂ ವಾಸದ ಹಕ್ಕು ಪಡೆದವರ ಪತಿ ಅಥವಾ ಪತ್ನಿಗೆ ಮುಖ್ಯವಾಗಿ ಈ ನಮೂನೆ ಅನ್ವಯಿಸುತ್ತದೆ. ಉದ್ಯೋಗ ವೀಸಾದ ಮೇಲೆ ಹೋದ ಎಂಜಿನಿಯರ್ ಅಥವಾ ನರ್ಸಿನ ಸಂಗಾತಿಗಳು ‘ಅವಲಂಬಿತ’ರೆಂಬ ಬೇರೆ ವರ್ಗಕ್ಕೆ ಸೇರುತ್ತಾರೆ, ಅವರ ನಮೂನೆಯೂ ಬೇರೆ. ಗಂಡ-ಹೆಂಡತಿಯ ಸಂಬಂಧ ಒಂದೇ ಆದರೂ ಕಾನೂನಿನ ದೃಷ್ಟಿಯಲ್ಲಿ ಹಾದಿಗಳು ಎರಡು. ತಪ್ಪು ನಮೂನೆಯನ್ನು ಆರಿಸಿದರೆ ಉಳಿದುದೆಲ್ಲ ಸರಿಯಿದ್ದರೂ ಪ್ರಯೋಜನವಾಗದು.

ಭಾರತದಿಂದ ಅರ್ಜಿ ಹಾಕಿ ಹೋಗುವ ಸಂಗಾತಿಗೆ ಮೊದಲು 33 ತಿಂಗಳ ಪರವಾನಗಿ ದೊರೆಯುತ್ತದೆ. ಅದು ಮುಗಿಯುವುದರೊಳಗೆ ಈ ವಿಸ್ತರಣೆಯ ಅರ್ಜಿಯನ್ನು ಸಲ್ಲಿಸಬೇಕು. ಮಂಜೂರಾದರೆ ಇನ್ನೂ 30 ತಿಂಗಳು. ಸಾಮಾನ್ಯ ಮಾರ್ಗದಲ್ಲಿ ಒಟ್ಟು ಐದು ವರ್ಷ ತುಂಬಿದ ಬಳಿಕ ಕಾಯಂ ವಾಸಕ್ಕೆ ಅರ್ಜಿ ಹಾಕುವ ಅರ್ಹತೆ ಬರುತ್ತದೆ. ಆದ್ದರಿಂದ ವಿಸ್ತರಣೆಯೆಂಬುದು ನಡುದಾರಿಯ ಒಂದು ಕಟ್ಟೆ.

ದಿನಾಂಕದ ಲೆಕ್ಕ

ಈ ಅರ್ಜಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ದಿನಾಂಕ ಪರವಾನಗಿ ಮುಗಿಯುವ ದಿನ. ಮುದ್ದತು ಮೀರಿದ ಬಳಿಕ ದೇಶದಲ್ಲಿ ಉಳಿದವರು ಕಾನೂನುಬಾಹಿರರಾಗುತ್ತಾರೆ. ಕೆಲಸ ಮಾಡುವ ಹಕ್ಕು, ಬಾಡಿಗೆಗೆ ಮನೆ ಹಿಡಿಯುವ ಹಕ್ಕು ಎರಡಕ್ಕೂ ಕುತ್ತು ಬರುತ್ತದೆ. ಮುದ್ದತಿನೊಳಗೆ ಅರ್ಜಿ ಸಲ್ಲಿಸಿದವರಿಗಾದರೋ 1971ರ ವಲಸೆ ಕಾಯ್ದೆಯ 3ಸಿ ಕಲಮು ರಕ್ಷಣೆ ಕೊಡುತ್ತದೆ. ತೀರ್ಮಾನ ಹೊರಬೀಳುವ ಮುನ್ನ ಹಳೆಯ ಅವಧಿ ಮುಗಿದರೂ ಹಿಂದಿನ ಹಕ್ಕುಗಳು ಮುಂದುವರಿಯುತ್ತವೆ. ಒಂದು ದಿನದ ಹಿಂದುಮುಂದು ಇಷ್ಟು ದೊಡ್ಡ ಅಂತರವನ್ನು ಉಂಟುಮಾಡುತ್ತದೆ.

ಹಾಗೆಂದು ಬಹಳ ಮುಂಚಿತವಾಗಿ ಸಲ್ಲಿಸುವುದೂ ಜಾಣತನವಲ್ಲ. ಇಪ್ಪತ್ತೆಂಟನೆಯ ತಿಂಗಳಿನಲ್ಲೇ ಅರ್ಜಿ ಹಾಕಿ ಬೇಗನೆ ಮಂಜೂರಾತಿ ಪಡೆದವರಿಗೆ ಹೊಸ 30 ತಿಂಗಳು ಮುಗಿಯುವ ವೇಳೆಗೆ ಐದು ವರ್ಷ ತುಂಬದೆ ಉಳಿಯಬಹುದು. ಆಗ ಮತ್ತೊಂದು ವಿಸ್ತರಣೆ, ಮತ್ತೊಮ್ಮೆ ಶುಲ್ಕ.

ಮುಗಿಯುವ ದಿನವನ್ನು ಎಲ್ಲಿ ನೋಡಬೇಕೆಂಬುದರಲ್ಲಿಯೂ ಎಚ್ಚರ ಬೇಕು. ಹಿಂದೆ ಕೊಡುತ್ತಿದ್ದ ವಾಸದ ಪರವಾನಗಿ ಕಾರ್ಡುಗಳಲ್ಲಿ ಹಲವಕ್ಕೆ 2024ರ ಡಿಸೆಂಬರ್ 31 ಎಂಬ ದಿನಾಂಕ ಮುದ್ರಿತವಾಗಿತ್ತು. ಅವುಗಳನ್ನು ಹೊಂದಿದ್ದ ಅನೇಕರ ನಿಜವಾದ ಅವಧಿ ಅದಕ್ಕಿಂತ ಮುಂದಿತ್ತು. ಈಗ ಕಾರ್ಡಿನ ಬದಲು ‘ಇ-ವೀಸಾ’ ಎಂಬ ಆನ್‌ಲೈನ್ ದಾಖಲೆ ಬಂದಿದೆ. ನಂಬಬೇಕಾದುದು ಅದನ್ನು ಮತ್ತು ಮಂಜೂರಾತಿಯ ಪತ್ರವನ್ನು.

ಹೆಸರೆಂಬ ಮೊದಲ ಪ್ರಶ್ನೆ

ನಮೂನೆಯ ಆರಂಭದಲ್ಲಿಯೇ ಹೆಸರು ಮತ್ತು ಮನೆತನದ ಹೆಸರುಗಳನ್ನು ಬೇರೆ ಬೇರೆ ಮನೆಗಳಲ್ಲಿ ತುಂಬಬೇಕು. ಅನಂತರ ಬರುವ ಪ್ರಶ್ನೆ: ಈ ಹಿಂದೆ ಬೇರೆ ಯಾವುದಾದರೂ ಹೆಸರಿನಿಂದ ಗುರುತಿಸಿಕೊಂಡಿದ್ದೀರಾ? ಇಂಗ್ಲಿಷ್ ಕುಟುಂಬಗಳನ್ನು ಕಣ್ಣಮುಂದಿಟ್ಟುಕೊಂಡು ಕೇಳಿದ ಈ ಸರಳ ಪ್ರಶ್ನೆಯು ಗಡಿನಾಡಿನ ಸ್ತ್ರೀಯರ ಪಾಲಿಗೆ ಸರಳವಲ್ಲ.

ಸೊಲ್ಲಾಪುರ, ಜತ್ತ, ಅಕ್ಕಲಕೋಟೆಯ ಕಡೆ ಮಹಾರಾಷ್ಟ್ರದ ಪದ್ಧತಿಯಂತೆ ಹೆಸರಿನಲ್ಲಿ ಮೂರು ಭಾಗಗಳಿರುತ್ತವೆ: ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು. ಮದುವೆಯಾದ ಮೇಲೆ ಹೆಣ್ಣಿನ ಹೆಸರಿನಲ್ಲಿ ತಂದೆಯ ಸ್ಥಾನಕ್ಕೆ ಗಂಡನ ಹೆಸರು ಬರುತ್ತದೆ, ಅಡ್ಡಹೆಸರೂ ಬದಲಾಗುತ್ತದೆ. ಕೆಲವು ಮನೆತನಗಳಲ್ಲಿ ಮದುವೆಯ ದಿನ ತಟ್ಟೆಯ ಅಕ್ಕಿಯಲ್ಲಿ ಹೊಸ ಹೆಸರು ಬರೆಸಿ ಮೊದಲ ಹೆಸರನ್ನೂ ಬದಲಿಸುವ ರೂಢಿಯುಂಟು. ಆಗ ಶಾಲೆಯ ದಾಖಲೆಯಲ್ಲಿ ಒಬ್ಬಳು, ಗಂಡನ ಮನೆಯ ರೇಶನ್ ಕಾರ್ಡಿನಲ್ಲಿ ಮತ್ತೊಬ್ಬಳು ಎಂಬಂತಾಗುತ್ತದೆ. ಕರ್ನಾಟಕದ ದಕ್ಷಿಣ ಭಾಗದವರಲ್ಲಿ ಅಡ್ಡಹೆಸರೇ ಇಲ್ಲದೆ ಇನಿಶಿಯಲ್ ಮಾತ್ರ ಇರುವುದೂ ಸಾಮಾನ್ಯ. ಇವೆಲ್ಲದರ ಮೇಲೆ ಲಿಪ್ಯಂತರದ ತೊಡಕು ಬೇರೆ. ಕನ್ನಡದ ‘ಶ್ರೀದೇವಿ’ ಮರಾಠಿ ದಾಖಲೆಯಲ್ಲಿ ‘ಶ್ರೀದೇವೀ’ ಆಗಬಹುದು. ಇಂಗ್ಲಿಷಿಗೆ ಬಂದಾಗ ‘ಶ’ಕಾರಕ್ಕೆ ‘ಎಚ್’ ಇದ್ದೂ ಇರಬಹುದು, ಇಲ್ಲದೆಯೂ ಇರಬಹುದು. ದೀರ್ಘಕ್ಕೆ ಒಂದೆಡೆ ‘ಐ’, ಇನ್ನೊಂದೆಡೆ ಎರಡು ‘ಇ’ ಬರಬಹುದು.

ಇಲ್ಲಿ ಪಾಲಿಸಬೇಕಾದ ಕ್ರಮ ಎರಡು. ನಮೂನೆಯ ಮುಖ್ಯ ಮನೆಗಳಲ್ಲಿ ಹೆಸರು ಈಗಿನ ಪಾಸ್‌ಪೋರ್ಟಿನಲ್ಲಿರುವಂತೆಯೇ, ಅಕ್ಷರಕ್ಕೆ ಅಕ್ಷರ ಇರಬೇಕು. ಮದುವೆಯ ಹಿಂದಿನ ಹೆಸರನ್ನೂ ದಾಖಲೆಗಳಲ್ಲಿ ಬಳಕೆಯಾದ ಇತರ ಹೆಸರುಗಳನ್ನೂ ‘ಬೇರೆ ಹೆಸರು’ಗಳ ಮನೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆಯಬೇಕು. ಹೆಸರು ಬದಲಾದದ್ದು ದೋಷವಲ್ಲ. ಹೇಳದೆ ಬಿಟ್ಟದ್ದು ದೋಷವಾಗಿ ಕಾಣಬಹುದು. ವಿವಾಹ ನೋಂದಣಿ ಪತ್ರದ ಹೆಸರಿಗೂ ಪಾಸ್‌ಪೋರ್ಟಿನ ಹೆಸರಿಗೂ ಅಂತರವಿದ್ದರೆ ಅದರ ಕಾರಣವನ್ನು ವಿವರಿಸುವ ಚಿಕ್ಕ ಪತ್ರವೊಂದನ್ನು ಲಗತ್ತಿಸುವುದು ಲೇಸು.

ಒಟ್ಟಿಗೆ ಬಾಳಿದ್ದಕ್ಕೆ ಸಾಕ್ಷಿ

ಮೊದಲು ಭೇಟಿಯಾದದ್ದು ಎಂದು, ಮದುವೆಯಾದದ್ದು ಎಂದು, ಒಂದೇ ಮನೆಯಲ್ಲಿ ವಾಸ ಆರಂಭಿಸಿದ್ದು ಎಂದು: ನಮೂನೆಯು ದಾಂಪತ್ಯವನ್ನು ಹೀಗೆ ದಿನಾಂಕಗಳ ಸಾಲಾಗಿ ಕೇಳುತ್ತದೆ. ಹಿರಿಯರು ನೋಡಿ ನಿಶ್ಚಯಿಸಿದ ಮದುವೆಗಳಲ್ಲಿ ಭೇಟಿ, ನಿಶ್ಚಯ, ಲಗ್ನ ಮೂರೂ ಕೆಲವೇ ವಾರಗಳಲ್ಲಿ ಮುಗಿದಿರಬಹುದು. ಅದರಲ್ಲಿ ಅಳುಕಬೇಕಾದುದೇನೂ ಇಲ್ಲ. ಇದ್ದುದನ್ನು ಇದ್ದಂತೆ ಬರೆದರಾಯಿತು. ಆದರೆ ಮೊದಲ ವೀಸಾದ ಅರ್ಜಿಯಲ್ಲಿ ಕೊಟ್ಟ ದಿನಾಂಕಗಳೇ ಇಲ್ಲಿಯೂ ಬರಬೇಕು. ಹಳೆಯ ಅರ್ಜಿ ಇಲಾಖೆಯ ಕಡತದಲ್ಲಿರುತ್ತದೆ. ಆದಕಾರಣ ಮೊದಲ ಅರ್ಜಿಯ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಳ್ಳುವುದು ವಿಸ್ತರಣೆಯ ಮೊದಲ ಸಿದ್ಧತೆ.

ಸಹಜೀವನದ ಸಾಕ್ಷ್ಯಕ್ಕಾಗಿ ರೂಢಿಯಲ್ಲಿ ಕಳೆದ ಎರಡು ವರ್ಷಗಳಲ್ಲಿ ಹರಡಿರುವ ಆರು ಪತ್ರಗಳನ್ನು, ಕನಿಷ್ಠ ಮೂರು ಬೇರೆ ಬೇರೆ ಮೂಲಗಳಿಂದ ಒದಗಿಸುತ್ತಾರೆ. ಇಬ್ಬರ ಹೆಸರೂ ಇರುವ ಬಾಡಿಗೆ ಕರಾರು, ಸ್ಥಳೀಯ ಆಡಳಿತದ ಕೌನ್ಸಿಲ್ ತೆರಿಗೆಯ ಪತ್ರ, ನೀರು, ವಿದ್ಯುತ್, ಗ್ಯಾಸ್ ಬಿಲ್ಲುಗಳು, ಬ್ಯಾಂಕಿನ ಪತ್ರ, ವೈದ್ಯರ ಪತ್ರ ಮುಂತಾದವು ಇದಕ್ಕೆ ಸಲ್ಲುತ್ತವೆ. ಇಬ್ಬರ ಹೆಸರಿನಲ್ಲಿ ಒಟ್ಟಾಗಿ ಇಲ್ಲದಿದ್ದರೆ ಅದೇ ವಿಳಾಸಕ್ಕೆ ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಬಂದ ಪತ್ರಗಳು ಬೇಕು.

ಇಲ್ಲಿಯೇ ನಮ್ಮ ಗೃಹಸ್ಥ ಜೀವನದ ಒಂದು ವಾಸ್ತವ ಎದುರಾಗುತ್ತದೆ. ಹಲವು ಮನೆಗಳಲ್ಲಿ ಬಾಡಿಗೆ, ಬಿಲ್ಲು, ಬ್ಯಾಂಕು ಎಲ್ಲವೂ ಗಂಡನ ಹೆಸರಿನಲ್ಲಿರುತ್ತವೆ. ಅಡುಗೆ ಮಾಡಿದ್ದಕ್ಕೆ, ಮಗುವನ್ನು ಬೆಳೆಸಿದ್ದಕ್ಕೆ, ಮನೆಯನ್ನು ನಡೆಸಿದ್ದಕ್ಕೆ ರಸೀದಿ ಇರುವುದಿಲ್ಲ. ಎರಡೂವರೆ ವರ್ಷ ಅದೇ ಸೂರಿನಡಿ ಬಾಳಿದ ಹೆಣ್ಣಿಗೆ ತಾನು ಅಲ್ಲಿದ್ದೆನೆಂದು ತೋರಿಸಲು ಒಂದು ಕಾಗದವೂ ದೊರೆಯದೆ ಹೋಗಬಹುದು. ಕೊನೆಯ ತಿಂಗಳಿನಲ್ಲಿ ಹುಡುಕಾಡಿದರೆ ಹಿಂದಿನ ದಿನಾಂಕದ ಪತ್ರ ಹುಟ್ಟುವುದಿಲ್ಲ. ಹೋದ ಮೊದಲ ತಿಂಗಳಿನಲ್ಲಿಯೇ ತನ್ನ ಹೆಸರಿನ ಬ್ಯಾಂಕ್ ಖಾತೆ, ವೈದ್ಯರ ಬಳಿ ನೋಂದಣಿ, ಕೌನ್ಸಿಲ್ ತೆರಿಗೆ ಮತ್ತು ಬಾಡಿಗೆ ಕರಾರಿನಲ್ಲಿ ತನ್ನ ಹೆಸರು ಇವನ್ನು ಮಾಡಿಸಿಕೊಳ್ಳಬೇಕು. ಇದು ಅರ್ಜಿಗೆ ಸಾಕ್ಷ್ಯವೂ ಹೌದು, ಸ್ವಂತ ಬಾಳಿಗೆ ಆಧಾರವೂ ಹೌದು.

ಆದಾಯ, ಮನೆ, ಭಾಷೆ

ಕನಿಷ್ಠ ವಾರ್ಷಿಕ ಆದಾಯದ ಮಿತಿ 2012ರಲ್ಲಿ 18,600 ಪೌಂಡು ಇದ್ದುದು 2024ರ ಏಪ್ರಿಲ್ 11ರಿಂದ 29,000 ಪೌಂಡಿಗೆ ಏರಿತು. ಆ ದಿನಕ್ಕಿಂತ ಮೊದಲು ಈ ಮಾರ್ಗದಲ್ಲಿ ಅರ್ಜಿ ಹಾಕಿ, ಅದೇ ಸಂಗಾತಿಯೊಡನೆ ಮುಂದುವರಿಯುವವರಿಗೆ ಹಳೆಯ ಮಿತಿಯೇ ಅನ್ವಯಿಸುತ್ತದೆ. ಭಾರತದಿಂದ ಮೊದಲ ಅರ್ಜಿ ಹಾಕುವಾಗ ಬರಲಿರುವವರ ಸಂಬಳವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ವಿಸ್ತರಣೆಯಲ್ಲಾದರೋ ಇಬ್ಬರ ದುಡಿಮೆಯನ್ನೂ ಕೂಡಿಸಬಹುದು. ಒಂದೇ ಕಡೆ ಆರು ತಿಂಗಳು ಅಥವಾ ಹೆಚ್ಚು ಕಾಲ ಸಂಬಳಕ್ಕೆ ದುಡಿಯುತ್ತಿರುವವರು ಆರು ತಿಂಗಳ ಸಂಬಳದ ಚೀಟಿ, ಆ ಸಂಬಳ ಜಮೆಯಾದ ಬ್ಯಾಂಕ್ ಲೆಕ್ಕಪತ್ರ, ಕೆಲಸ ಕೊಟ್ಟವರ ಪತ್ರ ಇವನ್ನು ಲಗತ್ತಿಸಬೇಕು. ಚೀಟಿಯಲ್ಲಿನ ನಿವ್ವಳ ಮೊತ್ತವೂ ಬ್ಯಾಂಕಿಗೆ ಬಂದ ಮೊತ್ತವೂ ಒಂದಾಗಿರಬೇಕು. ದಾಖಲೆಗಳ ಅವಧಿಯ ಕೊನೆಯು ಅರ್ಜಿಯ ದಿನಕ್ಕಿಂತ 28 ದಿನಗಳಿಗೂ ಹಿಂದಿನದಾಗಿರಬಾರದು.

ಮಿತಿಯನ್ನು ಮುಟ್ಟದ ಮಾತ್ರಕ್ಕೆ ಎಲ್ಲವೂ ಮುಗಿಯಿತೆಂದಲ್ಲ. ಆರು ತಿಂಗಳು ಕೈಯಲ್ಲಿದ್ದ ಉಳಿತಾಯದಿಂದ ಕೊರತೆಯನ್ನು ತುಂಬುವ ಅವಕಾಶವುಂಟು. ಮಾನವ ಹಕ್ಕುಗಳ ಯುರೋಪಿಯನ್ ಒಡಂಬಡಿಕೆಯ 8ನೆಯ ವಿಧಿಯಂತೆ, ಕುಟುಂಬ ಜೀವನದ ಹಕ್ಕಿನ ನೆಲೆಯಲ್ಲಿ, ಹತ್ತು ವರ್ಷದ ದೀರ್ಘ ಮಾರ್ಗವೊಂದೂ ಇದೆ.

ವಾಸದ ಮನೆ ಇಕ್ಕಟ್ಟಾಗಿರಬಾರದೆಂಬುದು ಇನ್ನೊಂದು ಷರತ್ತು. ಇಕ್ಕಟ್ಟಿನ ಲೆಕ್ಕ 1985ರ ವಸತಿ ಕಾಯ್ದೆಯದು. ಕೋಣೆಗಳ ಸಂಖ್ಯೆಯನ್ನೂ ವಿಸ್ತಾರವನ್ನೂ ಜನರಿಗೆ ಹೋಲಿಸಿ ನೋಡುವಾಗ ಒಂದು ವರ್ಷದೊಳಗಿನ ಮಗುವನ್ನು ಎಣಿಸುವುದಿಲ್ಲ. ಒಂದರಿಂದ ಹತ್ತು ವರ್ಷದೊಳಗಿನ ಮಗುವನ್ನು ಅರ್ಧ ಎಂದು ಎಣಿಸುತ್ತಾರೆ.

ಭಾಷೆಯ ಷರತ್ತು ಮೆಟ್ಟಿಲುಗಳಂತಿದೆ. ಯುರೋಪಿನ ಭಾಷಾ ಮಾನದಂಡದಂತೆ ಇಂಗ್ಲಿಷ್ ಆಡುವ ಮತ್ತು ಆಲಿಸುವ ಸಾಮರ್ಥ್ಯವು ಮೊದಲ ವೀಸಾಕ್ಕೆ ‘ಎ1’, ವಿಸ್ತರಣೆಗೆ ‘ಎ2’, ಕಾಯಂ ವಾಸಕ್ಕೆ ‘ಬಿ1’ ಮಟ್ಟದಲ್ಲಿರಬೇಕು. ಮೊದಲೇ ಮೇಲಿನ ಮಟ್ಟದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಅದು ಅಂಗೀಕೃತವಾಗಿದ್ದರೆ ವಿಸ್ತರಣೆಗೆ ಮತ್ತೆ ಬರೆಯಬೇಕಾಗಿಲ್ಲ. ಇಂಗ್ಲಿಷ್ ಮಾಧ್ಯಮದ ಪದವಿಯುಳ್ಳವರು ನಿಯಮಿತ ಪ್ರಮಾಣಪತ್ರ ಪಡೆದು ಪರೀಕ್ಷೆಯಿಂದ ವಿನಾಯಿತಿ ಕೇಳಬಹುದು. ಕನ್ನಡ ಅಥವಾ ಮರಾಠಿ ಮಾಧ್ಯಮದ ಪದವೀಧರರು ಪರೀಕ್ಷೆಗೆ ಸಿದ್ಧರಾಗಬೇಕು.

ಅನುವಾದಕರ ಹೊಣೆ

ಇಂಗ್ಲಿಷ್ ಅಥವಾ ವೆಲ್ಶ್ ಭಾಷೆಯಲ್ಲಿಲ್ಲದ ಯಾವ ದಾಖಲೆಯನ್ನೂ ಅನುವಾದವಿಲ್ಲದೆ ಒಪ್ಪುವುದಿಲ್ಲ. ಹಾಗಾಗಿ ಮೂಲದಲ್ಲಿ ಕನ್ನಡ ಅಥವಾ ಮರಾಠಿ ಮಾತ್ರ ಇರುವ ಜನನ ಪತ್ರ, ವಿವಾಹ ಪತ್ರ ಮೊದಲಾದವುಗಳಿಗೆ ದೃಢೀಕೃತ ಅನುವಾದ ಬೇಕು. ಇದು ಮೂಲದ ನಿಖರವಾದ ಅನುವಾದವೆಂಬ ಹೇಳಿಕೆ, ದಿನಾಂಕ, ಅನುವಾದಕರ ಪೂರ್ಣ ಹೆಸರು, ಸಹಿ, ಸಂಪರ್ಕದ ವಿವರ, ಅರ್ಹತೆಯ ವಿವರ ಇವೆಲ್ಲ ಅದರಲ್ಲಿರಬೇಕು. ಅರ್ಜಿದಾರರು ತಾವೇ ಮಾಡಿಕೊಂಡ ಅನುವಾದ ನಡೆಯದು.

ಕಾವ್ಯದ ಅನುವಾದದಲ್ಲಿ ಸ್ವಾತಂತ್ರ್ಯಕ್ಕೆ ಎಡೆಯುಂಟು. ಇಲ್ಲಿ ಮೂಲದಲ್ಲಿ ತಪ್ಪಿದ್ದರೂ ಅನುವಾದಕರು ತಿದ್ದುವಂತಿಲ್ಲ. ಮೂಲದಲ್ಲಿ ‘ಸೌ.’ ಎಂದಿದ್ದರೆ ಅದು ವಿವಾಹಿತ ಸ್ತ್ರೀಯ ಗೌರವಸೂಚಕವೆಂದು ತಿಳಿದು ಅನುವಾದಿಸಬೇಕು. ಹೆಸರಿನ ಮೊದಲಕ್ಷರವೆಂದು ಭಾವಿಸಿದರೆ ಹೊಸ ಹೆಸರೊಂದು ಹುಟ್ಟಿಕೊಳ್ಳುತ್ತದೆ. ಎರಡು ಭಾಷೆಗಳನ್ನು ಬಲ್ಲ ಗಡಿನಾಡಿನ ವಿದ್ಯಾರ್ಥಿಗಳಿಗೆ ಇಂತಹ ಸೂಕ್ಷ್ಮಗಳು ಬಾಲ್ಯದಿಂದಲೇ ಪರಿಚಿತ. ಅದನ್ನು ಶಿಸ್ತಿನ ವಿದ್ಯೆಯಾಗಿ ಬೆಳೆಸಿಕೊಂಡರೆ ಜೀವನೋಪಾಯವೂ ಆದೀತು.

ಶುಲ್ಕ, ಸಹಿ, ಕಾಯುವಿಕೆ

2025ರ ಏಪ್ರಿಲ್‌ನಲ್ಲಿ ನಿಗದಿಯಾದಂತೆ ಅರ್ಜಿಯ ಶುಲ್ಕ 1,321 ಪೌಂಡು ಇತ್ತು. ಆರೋಗ್ಯ ಸೇವೆಯ ಅಧಿಕ ಶುಲ್ಕ ವರ್ಷಕ್ಕೆ 1,035 ಪೌಂಡಿನಂತೆ ಎರಡೂವರೆ ವರ್ಷಕ್ಕೆ 2,587.50 ಪೌಂಡು. ಆಗ ಎರಡೂ ಸೇರಿ 3,908.50 ಪೌಂಡು ಆಗುತ್ತಿತ್ತು. ಅರ್ಜಿ ತಿರಸ್ಕೃತವಾದರೆ ಆರೋಗ್ಯ ಶುಲ್ಕ ಹಿಂದಿರುಗುತ್ತದೆ, ಅರ್ಜಿಯ ಶುಲ್ಕ ಹಿಂದಿರುಗುವುದಿಲ್ಲ. ಮಿತಿಗಳೂ ಶುಲ್ಕಗಳೂ ಮೇಲಿಂದ ಮೇಲೆ ಬದಲಾಗುವುದರಿಂದ ಸಲ್ಲಿಸುವ ದಿನ ಸರಕಾರದ ಅಧಿಕೃತ ಪ್ರಕಟಣೆಯನ್ನು ನೋಡಲೇಬೇಕು. ನೆರವು ಬೇಕೆನಿಸಿದರೆ ವಕೀಲರನ್ನೋ ನೋಂದಾಯಿತ ಸಲಹೆಗಾರರನ್ನೋ ಕಾಣಬೇಕು. 1999ರ ಕಾಯ್ದೆಯಂತೆ ಬ್ರಿಟನ್ನಿನಲ್ಲಿ ಅರ್ಹತೆಯಿಲ್ಲದವರು ವಲಸೆಯ ವಿಷಯದಲ್ಲಿ ಸಲಹೆಗಾರರಾಗಿ ನಡೆದುಕೊಳ್ಳುವುದು ಅಪರಾಧ.

ನಮೂನೆಯ ಕೊನೆಯಲ್ಲಿ ಘೋಷಣೆ ಬರುತ್ತದೆ. ‘ಸಹಿ’ ಎಂಬ ಪದದ ಮೂಲಾರ್ಥವನ್ನು ಇಲ್ಲಿ ನೆನೆಯಬೇಕು: ಮೇಲೆ ಬರೆದುದೆಲ್ಲ ಸರಿಯಾದುದು ಎಂಬ ಮಾತದು. ಬೇರೆಯವರು ತುಂಬಿಕೊಟ್ಟ ನಮೂನೆಯನ್ನು ಓದದೆ ಒಪ್ಪಿಗೆ ಕೊಟ್ಟರೂ ಅದರೊಳಗಿನ ಸುಳ್ಳಿನ ಫಲ ಅರ್ಜಿದಾರರ ತಲೆಗೇ ಬರುತ್ತದೆ.

ಸಲ್ಲಿಸಿದ ಬಳಿಕ ದಾಖಲೆಗಳ ಪ್ರತಿಗಳನ್ನು ಒದಗಿಸಿ, ಕರೆದಲ್ಲಿ ಬೆರಳಚ್ಚು, ಭಾವಚಿತ್ರ ಕೊಟ್ಟು ಕಾಯಬೇಕು. ಈ ಕಾಯುವ ಅವಧಿಯಲ್ಲಿ ಬ್ರಿಟನ್, ಐರ್ಲೆಂಡ್ ಮತ್ತು ಅವುಗಳಿಗೆ ಸೇರಿದ ಸಮೀಪದ ದ್ವೀಪಗಳ ಆಚೆ ಪ್ರಯಾಣ ಮಾಡಿದರೆ ಅರ್ಜಿಯನ್ನು ಹಿಂತೆಗೆದುಕೊಂಡಂತೆ ಭಾವಿಸಲಾಗುತ್ತದೆ. ಊರಿನಲ್ಲಿ ತಾಯಿ ಹಾಸಿಗೆ ಹಿಡಿದ ಸುದ್ದಿ ಬಂದಾಗ ಮಗಳು ವಿಮಾನ ಏರಬೇಕೋ ಬೇಡವೋ ಎಂಬ ಕಠಿಣ ಪ್ರಶ್ನೆ ಈ ನಿಯಮದಿಂದ ಹುಟ್ಟುತ್ತದೆ. ಹೊರಡುವ ಮುನ್ನ ಸಲಹೆ ಪಡೆಯುವುದು ಅವಶ್ಯ. ಅರ್ಜಿ ತಿರಸ್ಕೃತವಾದರೆ ಮಾನವ ಹಕ್ಕುಗಳ ನೆಲೆಯಲ್ಲಿ ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಬಹುದು. ದೇಶದೊಳಗೆ ಇರುವವರಿಗೆ ಅದಕ್ಕೆ ಸಾಮಾನ್ಯವಾಗಿ 14 ದಿನಗಳ ಕಾಲಾವಕಾಶ.

ಮನೆ ಮುರಿದಾಗ

ಸಂಗಾತಿ ವೀಸಾದಲ್ಲಿರುವವರ ವಾಸದ ಹಕ್ಕು ಇನ್ನೊಬ್ಬರೊಡನೆ ಇರುವ ಸಂಬಂಧಕ್ಕೆ ಕಟ್ಟಿಬಿದ್ದಿರುತ್ತದೆ. ‘ನಾನು ಸಹಿ ಹಾಕದಿದ್ದರೆ ನಿನ್ನನ್ನು ಊರಿಗೆ ಅಟ್ಟುತ್ತಾರೆ’ ಎಂಬ ಬೆದರಿಕೆಗೆ ಬಲ ಬರುವುದು ಇದರಿಂದಲೇ. ಆದರೆ ಕಾನೂನು ಈ ಸ್ಥಿತಿಯನ್ನು ಕಾಣದೆ ಹೋಗಿಲ್ಲ. ಗೃಹಹಿಂಸೆಯ ಕಾರಣದಿಂದ ದಾಂಪತ್ಯ ಮುರಿದರೆ, ಹಿಂಸೆಗೆ ಒಳಗಾದವರು ಸಂಗಾತಿಯ ಒಪ್ಪಿಗೆಯಿಲ್ಲದೆಯೇ ಸ್ವಂತ ಹೆಸರಿನಲ್ಲಿ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಅದಕ್ಕೆ ಐದು ವರ್ಷ ತುಂಬಬೇಕಾಗಿಲ್ಲ. ಆ ಅರ್ಜಿಯನ್ನು ಸಿದ್ಧಪಡಿಸುವ ಸಲುವಾಗಿ, ಸರಕಾರಿ ನೆರವು ಪಡೆಯಲು ಅವಕಾಶವಿರುವ ಮೂರು ತಿಂಗಳ ವಿಶೇಷ ಪರವಾನಗಿಯನ್ನೂ ಕೇಳಬಹುದು. ಮದುವೆಯಾಗಿ ಹೊರಡುವ ಪ್ರತಿಯೊಬ್ಬಳಿಗೂ ಅವಳನ್ನು ಕಳಿಸಿಕೊಡುವ ತವರಿಗೂ ಈ ಸಂಗತಿ ತಿಳಿದಿರಬೇಕು. ಪಾಸ್‌ಪೋರ್ಟು, ವಿವಾಹ ಪತ್ರ, ಇ-ವೀಸಾ ಖಾತೆಯ ಗುಪ್ತಪದ ಅವಳ ಕೈಯಲ್ಲಿಯೇ ಇರಬೇಕು.

ಎಫ್‌ಎಲ್‌ಆರ್-ಎಂ ನಮೂನೆಯಲ್ಲಿ ಪ್ರೀತಿಯನ್ನು ಬರೆಯಲು ಒಂದು ಮನೆಯೂ ಇಲ್ಲ. ಪ್ರೀತಿಯಿಂದ ಬಾಳಿದವರು ತಮ್ಮ ಬಾಳಿನ ಗುರುತುಗಳನ್ನು ಕಾಗದದ ಮೇಲೆ ಉಳಿಸಿಕೊಂಡಿದ್ದಾರೆಯೇ ಎಂಬುದನ್ನು ಮಾತ್ರ ಅದು ಕೇಳುತ್ತದೆ. ಕೇಳಿದ್ದಕ್ಕೆ ಕೇಳಿದ ಕ್ರಮದಲ್ಲಿ, ಇದ್ದುದನ್ನು ಇದ್ದಂತೆ ಉತ್ತರಿಸುವುದಷ್ಟೇ ಅರ್ಜಿದಾರರ ಕೆಲಸ. ಆದರೆ ಆ ಉತ್ತರಕ್ಕೆ ಬೇಕಾದ ಕಾಗದಗಳು ನಮೂನೆಯನ್ನು ತೆರೆದ ದಿನ ಹುಟ್ಟುವುದಿಲ್ಲ. ಹೊಸ ಮನೆಯ ಬಾಗಿಲಿಗೆ ತನ್ನ ಹೆಸರಿನ ಮೊದಲ ಪತ್ರವನ್ನು ತರಿಸಿಕೊಂಡ ದಿನದಿಂದಲೇ ಅವು ಸೇರುತ್ತ ಬರಬೇಕು.